ಪುಟ್ಟ ಮಗುವಿನ ಹೃದಯ ಆಪರೇಷನ್: ರಕ್ತ ನಿಲ್ಲದಿದ್ದರೆ?

ಪ್ರಶ್ನೆ: ನಮ್ಮ ಮಗನಿಗೆ ಏಳು ತಿಂಗಳು, ತೂಕ 6 ಕೆಜಿ. ಅಳುವಾಗ ಮೈ ನೀಲಿಗಟ್ಟುತ್ತದೆ. ಟೆಟ್ರಾಲಜಿ (ಹುಟ್ಟಿನಿಂದ ಬರುವ ಹೃದಯದ ದೋಷ) ಎಂದು ಹೇಳಿ ಓಪನ್ ಹಾರ್ಟ್ ಆಪರೇಷನ್‌ಗೆ ದಿನ ಕೊಟ್ಟಿದ್ದಾರೆ. ರಕ್ತದ ಜೊತೆ ಪ್ಲೇಟ್‌ಲೆಟ್, ಕ್ರಯೋ (ಪ್ಲಾಸ್ಮಾದಿಂದ ತೆಗೆದ, ರಕ್ತ ಹೆಪ್ಪುಗಟ್ಟಿಸುವ ಅಂಶ) ಕೂಡ ಬೇಕಾಗಬಹುದು, ದಾನಿಗಳನ್ನು ಹೊಂದಿಸಿ ಎಂದಿದ್ದಾರೆ. ಇಷ್ಟು ಸಣ್ಣ ಮಗುವಿಗೆ ಇಷ್ಟೆಲ್ಲ ಏಕೆ? ರಕ್ತಸ್ರಾವ ಹೆಚ್ಚಾದರೆ ಏನು ಮಾಡುತ್ತಾರೆ?
– ಓದುಗರು, ಹಾವೇರಿ

ಉತ್ತರ: ಮಗು ಸಣ್ಣದು ಎಂಬುದೇ ಕಾರಣ. ಕೆಜಿಗೆ ಸುಮಾರು 80 ಮಿಲಿ ಲೆಕ್ಕ ಹಿಡಿದರೆ ನಿಮ್ಮ ಮಗನ ಮೈಯಲ್ಲಿರುವುದು ಅರ್ಧ ಲೀಟರಿಗೂ ಕಡಿಮೆ ರಕ್ತ. ಆಪರೇಷನ್ ವೇಳೆ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಮೆಷಿನ್‌ನ ಕೊಳವೆಗಳನ್ನು ತುಂಬಲಿಕ್ಕೇ ಹೆಚ್ಚೂಕಡಿಮೆ 300 ಮಿಲಿ ದ್ರವ ಬೇಕು. ಅದು ಬೆರೆತೊಡನೆ ಪ್ಲೇಟ್‌ಲೆಟ್, ಫೈಬ್ರಿನೋಜೆನ್ (ಹೆಪ್ಪು ಕಟ್ಟಲು ಬೇಕಾದ ಪ್ರೋಟೀನ್) ಎರಡೂ ತೆಳುವಾಗುತ್ತವೆ. ನೀಲಿಗಟ್ಟುವ ಮಕ್ಕಳಲ್ಲಿ ಪ್ಲೇಟ್‌ಲೆಟ್‌ಗಳು ಮೊದಲೇ ಸರಿಯಾಗಿ ಕೆಲಸ ಮಾಡದಿರುವುದುಂಟು. ಸಾಲದ್ದಕ್ಕೆ, ಮೆಷಿನ್‌ನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಕೆಜಿಗೆ 300–400 ಯೂನಿಟ್ ಹೆಪಾರಿನ್ ಕೊಟ್ಟಿರುತ್ತಾರೆ.

ಮೆಷಿನ್ ಬಿಡಿಸಿದ ಮೇಲೆ ಪ್ರೋಟಮಿನ್ ಕೊಟ್ಟು ಹೆಪಾರಿನ್ ಪ್ರಭಾವ ತೆಗೆಯುತ್ತಾರೆ. 100 ಯೂನಿಟ್‌ಗೆ ಸುಮಾರು 1 ಮಿಗ್ರಾಂ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಎಸಿಟಿ ಪರೀಕ್ಷೆ ಸರಿಯಿದ್ದೂ ಹೊಲಿಗೆಯ ತೂತುಗಳಲ್ಲಿ ರಕ್ತ ಒಸರುತ್ತಲೇ ಇದ್ದರೆ ಮತ್ತೆ ಮತ್ತೆ ಪ್ರೋಟಮಿನ್ ಕೊಡುವುದು ತಪ್ಪು. ಅತಿಯಾದರೆ ಅದೇ ಹೆಪ್ಪುಗಟ್ಟುವಿಕೆಗೆ ಅಡ್ಡಿ. ಆಗ ಬೇಕಾದದ್ದು ಪ್ಲೇಟ್‌ಲೆಟ್, ಕೆಜಿಗೆ ಸುಮಾರು 10 ಮಿಲಿ. ಫೈಬ್ರಿನೋಜೆನ್ ಡೆಸಿಲೀಟರಿಗೆ 150 ಮಿಗ್ರಾಂಗಿಂತ ಇಳಿದಿದ್ದರೆ ಕ್ರಯೋ. ಬರೀ ಪ್ಲಾಸ್ಮಾ (ರಕ್ತದ ದ್ರವಭಾಗ) ಏರಿಸುತ್ತ ಹೋದರೆ ಪುಟ್ಟ ಹೃದಯಕ್ಕೆ ಹೊರೆ ಹೆಚ್ಚುತ್ತದೆ, ಫೈಬ್ರಿನೋಜೆನ್ ಮಾತ್ರ ಅಷ್ಟಾಗಿ ಏರದು. ಹೆಪ್ಪು ಹೇಗೆ ಕಟ್ಟುತ್ತಿದೆ ಎಂದು ಅಳೆಯುವ ರೋಟೆಮ್ ಯಂತ್ರವಿರುವ ಕಡೆ ಯಾವುದು ಕೊರತೆ ಎಂಬುದು ಹತ್ತು-ಹದಿನೈದು ನಿಮಿಷದಲ್ಲಿ ಅಂದಾಜಾಗುತ್ತದೆ. ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರನೆಕ್ಸಾಮಿಕ್ ಆಸಿಡ್ ಸಾಮಾನ್ಯವಾಗಿ ಆರಂಭದಲ್ಲೇ ಶುರುವಾಗಿರುತ್ತದೆ. ಮಗುವಿನ ಮೈ ತಣ್ಣಗಿದ್ದರೆ, ಕ್ಯಾಲ್ಸಿಯಂ ಇಳಿದಿದ್ದರೆ ಇದಾವುದೂ ನೆಟ್ಟಗೆ ಕೆಲಸ ಮಾಡದು. ರಕ್ತದ ಚೀಲದಲ್ಲಿರುವ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವುದರಿಂದ ಅದನ್ನು ಪದೇ ಪದೇ ನೋಡಿ ತುಂಬಬೇಕು.

ಐಸಿಯುನಲ್ಲಿ ಎದೆಯ ಡ್ರೈನ್ (ಒಳಗಿನ ರಕ್ತ ಹೊರತರುವ ಕೊಳವೆ) ಬಾಟಲಿಯ ಮೇಲೆ ಕಣ್ಣಿರುತ್ತದೆ. ಮೊದಲ ಗಂಟೆಯಲ್ಲಿ ಕೆಜಿಗೆ 10 ಮಿಲಿ, ಅಂದರೆ ನಿಮ್ಮ ಮಗನಿಗೆ 60 ಮಿಲಿ ದಾಟಿದರೆ ಎದೆ ಮತ್ತೆ ತೆರೆಯುವ ಯೋಚನೆ ಬರುತ್ತದೆ. ಬಿಚ್ಚಿದ ರಕ್ತನಾಳವನ್ನು ಪ್ಲೇಟ್‌ಲೆಟ್ ಮುಚ್ಚಲಾರದು. ಇದಕ್ಕಿಂತ ಭಯಪಡಬೇಕಾದದ್ದು, ಜೋರಾಗಿ ಹರಿಯುತ್ತಿದ್ದ ಡ್ರೈನ್ ಥಟ್ಟನೆ ನಿಂತು ಬಿಪಿ ಕುಸಿಯುವುದು. ಹೆಪ್ಪು ಕಟ್ಟಿ ಡ್ರೈನ್ ಮುಚ್ಚಿ, ರಕ್ತ ಒಳಗೇ ನಿಂತು ಹೃದಯವನ್ನು ಒತ್ತುತ್ತಿರಬಹುದು. ಆಗ ಹಾಸಿಗೆಯಲ್ಲೇ ಎದೆ ತೆರೆಯಬೇಕಾದೀತು.

ನಿಮ್ಮಿಂದ ಆಗಬೇಕಾದ್ದು: ಮಗು ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ, ಮನೆತನದಲ್ಲಿ ರಕ್ತ ನಿಲ್ಲದ ಕಾಯಿಲೆ ಇದ್ದರೆ ಈಗಲೇ ಹೇಳಿ, ಔಷಧಿಯನ್ನು ನೀವಾಗಿ ನಿಲ್ಲಿಸಬೇಡಿ. ಪ್ಲೇಟ್‌ಲೆಟ್ ಐದೇ ದಿನ ಇಡಲು ಬರುವುದರಿಂದ ದಾನಿಗಳನ್ನು ಆಪರೇಷನ್ ಹತ್ತಿರಕ್ಕೆ ಕರೆಯುತ್ತಾರೆ. ನಿಮ್ಮ ರಕ್ತವನ್ನೇ ಕೊಡಬೇಕೆಂಬ ಹಟ ಬೇಡ. ಹತ್ತಿರದ ಸಂಬಂಧಿಕರ ರಕ್ತವನ್ನು ವಿಕಿರಣಕ್ಕೆ ಒಡ್ಡದೆ ಕೊಟ್ಟರೆ ಅದರಲ್ಲಿನ ಬಿಳಿ ಕಣಗಳು ಮಗುವಿನ ದೇಹದ ಮೇಲೆಯೇ ದಾಳಿ ಮಾಡುವ, ಅಪರೂಪದ ಆದರೆ ಪ್ರಾಣಾಂತಿಕ ಅಪಾಯವಿದೆ.