ಗಂಜಿ ಹಾಕಿದ ಕಾಲರ್

ದಾವಣಗೆರೆಯ ಓದುಗರೊಬ್ಬರು 1910ರ ಸುಮಾರಿನ ಲಂಡನ್ ಔತಣಕೂಟದ ಫೋಟೊ ನೋಡಿ ಕಾಗದ ಬರೆದಿದ್ದಾರೆ. 'ಆಗಿನ ಗಂಡಸರು ರಾತ್ರಿ ಊಟಕ್ಕೂ ಎಷ್ಟು ಶಿಸ್ತಾಗಿ ಹೊರಡುತ್ತಿದ್ದರು! ಈಗ ಮದುವೆಗೂ ಟೀ ಶರ್ಟ್. ಮೇ ತಿಂಗಳಲ್ಲಿ ಮಗನ ಆರತಕ್ಷತೆ ಇದೆ. ಅವನಿಗೂ ಅಂಥದೇ ಟೇಲ್‌ಕೋಟ್ ಹೊಲಿಸಲಾ?'

ಚಂದ ಇತ್ತು, ಒಪ್ಪಿದೆ. ಹಿಂದೆ ಬಾಲದ ಹಾಗೆ ಇಳಿಬಿದ್ದ ಕರಿ ಟೇಲ್‌ಕೋಟು, ಬಿಳಿ ವೇಸ್ಟ್‌ಕೋಟು, ಬಿಳಿ ಬೋ ಟೈ. ಇಷ್ಟು ಗಮನವಿಟ್ಟು ಹಳೆಯ ಫೋಟೊ ನೋಡುವವರು ಈಗ ಕಡಿಮೆ. ಆದರೆ ಫೋಟೊದಲ್ಲಿ ಕಾಣದ ಸಂಗತಿಗಳೇ ಜಾಸ್ತಿ.

ಆ ಅಂಗಿಯ ಎದೆಭಾಗಕ್ಕೆ ಗಂಜಿ ಹಾಕಿ, ಇಸ್ತ್ರಿ ಒತ್ತಿ ಹಲಗೆಯ ಹಾಗೆ ಮಾಡಿರುತ್ತಿದ್ದರು. ಮುಂದೆ ಹೊಲಿದ ಗುಂಡಿಯ ಬದಲು ಸ್ಟಡ್, ಅಂದರೆ ಬಿಚ್ಚಿ ತೆಗೆಯಬಹುದಾದ ಗುಂಡಿ. ಕಾಲರ್ ಬೇರೆಯೇ ಇರುತ್ತಿತ್ತು. ಅದನ್ನು ಸ್ಟಡ್ ಹಾಕಿ ಅಂಗಿಗೆ ಸಿಕ್ಕಿಸಬೇಕು. ಕತ್ತು ಬಗ್ಗಿಸಿದರೆ ಅಂಚು ಒತ್ತುತ್ತದೆ. ಹೆಂಗಸರೂ ಸೇರುವ ದೊಡ್ಡ ಔತಣಕ್ಕೆ ಇದೇ ಕಡ್ಡಾಯ. ಮನೆಯಲ್ಲೋ, ಬರೀ ಗಂಡಸರು ಸೇರುವ ಕಡೆಯೋ ಗಿಡ್ಡ ಡಿನ್ನರ್ ಜಾಕೆಟ್ ನಡೆಯುತ್ತಿತ್ತು.

ಆ ಬಿಳುಪು ಯಾರ ದುಡಿಮೆ? ಅಮೆರಿಕದ ಟ್ರಾಯ್ ಎಂಬ ಊರಿಗೆ 'ಕಾಲರ್ ಸಿಟಿ' ಅಂತಲೇ ಹೆಸರು. ಗಂಡನ ಅಂಗಿಯಲ್ಲಿ ಕಾಲರ್ ಮಾತ್ರ ಕೊಳೆಯಾಗುತ್ತದಲ್ಲ ಎಂದು ಹ್ಯಾನಾ ಮಾಂಟೇಗ್ ಎಂಬ ಗೃಹಿಣಿ 1827ರಲ್ಲಿ ಅದನ್ನು ಕತ್ತರಿಸಿ, ಒಗೆದು, ಮತ್ತೆ ಹಚ್ಚಿದಳು ಅನ್ನುವುದು ಆ ಊರಿನ ಕಥೆ. ಒಗೆಯುವ ಕೆಲಸ ಹಗುರಾಗಲಿ ಎಂದು ಒಬ್ಬ ಹೆಂಗಸು ಮಾಡಿದ ಉಪಾಯ ಅದು. ಮುಂದೆ ಅದೇ ಕಾಲರಿಗೆ ಗಂಜಿ ಹಾಕಲು, ಕಾದ ಇಸ್ತ್ರಿಪೆಟ್ಟಿಗೆ ಒತ್ತಲು ನೂರಾರು ಹೆಂಗಸರು ಆವಿ ತುಂಬಿದ ಲಾಂಡ್ರಿಗಳಲ್ಲಿ ನಿಂತು ಬೆಂದರು. 1864ರಲ್ಲಿ ಕೇಟ್ ಮುಲ್ಲನಿ ಎಂಬ ಐರಿಷ್ ಮೂಲದ ಹುಡುಗಿ ಅವರನ್ನು ಸಂಘ ಕಟ್ಟಿ ಮುಷ್ಕರಕ್ಕಿಳಿಸಿದಳು. ಕೂಲಿಯೂ ಹೆಚ್ಚಿತು. ಬಿಳಿ ಕಾಲರ್ ಕಂಡಾಗ ನನಗೆ ಮೊದಲು ನೆನಪಾಗುವುದು ಅವಳೇ.

ನೀವು ಬೈದಿರುವ ಸಡಿಲತನವೂ ಸುಮ್ನೆ ಬಂದದ್ದಲ್ಲ. 1920ರ ದಶಕದಲ್ಲಿ ವೇಲ್ಸ್‌ನ ರಾಜಕುಮಾರ, ಮುಂದೆ ಎಂಟನೆಯ ಎಡ್ವರ್ಡ್ ಆದವರು, ಮೆತ್ತನೆಯ ಅಂಗಿ ತೊಟ್ಟು ತೋರಿಸಿದರು. ದೀಪದ ಬೆಳಕಲ್ಲಿ ಕಪ್ಪಿಗಿಂತ ಕಪ್ಪಾಗಿ ಕಾಣುವ ಕಡುನೀಲಿ ಬಟ್ಟೆಯೂ ಅವರಿಂದಲೇ ಚಾಲ್ತಿಗೆ ಬಂತು. 1929ರಲ್ಲಿ ಲಂಡನ್ನಿನಲ್ಲಿ ಗಂಡಸರ ಉಡುಪು ಸುಧಾರಣೆಗೆಂದೇ ಒಂದು ಪಕ್ಷ ಹುಟ್ಟಿತು. ಕತ್ತಿಗೆ ಬಿಗಿತ ಬೇಡ, ಮೈಗೆ ಗಾಳಿ ಆಡಲಿ ಎಂದು ಅವರು ಕೇಳಿದರು. ಎಂಥ ನ್ಯಾಯವಾದ ಬೇಡಿಕೆ, ಅಲ್ವಾ?

ಅಲ್ಲಿಯ ಚಳಿಯಲ್ಲೇ ಅವರಿಗೆ ಸಾಕಾಯಿತು. ನಮ್ಮ ಸೆಕೆಯಲ್ಲಿ ನಾವು ಬಿಟ್ಟಿಲ್ಲ. ಶಾಲೆಯ ಮಕ್ಕಳಿಗೆ ಟೈ ಬಿಗಿಯುತ್ತೇವೆ. ವಕೀಲರಿಗೆ ಕರಿ ಕೋಟು. ನನ್ನ ಆರತಕ್ಷತೆಯಲ್ಲಿ ನನಗೂ ತ್ರೀ ಪೀಸ್ ಸೂಟ್ ಹಾಕಿಸಿದ್ದರು. ಏಪ್ರಿಲ್ ತಿಂಗಳು, ಛತ್ರದಲ್ಲಿ ಕರೆಂಟ್ ಇಲ್ಲ. ಬೆನ್ನಲ್ಲಿ ಬೆವರು ಇಳಿಯುತ್ತಿತ್ತು. ದೂರದಿಂದ ಬಂದ ನೆಂಟರ ಜೊತೆ ಎರಡು ಮಾತು ನೆಟ್ಟಗೆ ಆಡಲಾಗಲಿಲ್ಲ. ಇಂದಿಗೂ ಆ ಬೇಸರ ಹೋಗಿಲ್ಲ.

ನಿಮ್ಮ ಕಾಗದದಲ್ಲಿ ಮಗ ಏನು ಹೇಳಿದ ಎಂಬುದೇ ಇಲ್ಲ ನೋಡಿ. ಮೊದಲು ಅವನನ್ನು ಕೇಳಿ. ಪಂಚೆ, ಶಲ್ಯ ಸಾಕು ಅಂದರೆ ಒಪ್ಪಿಬಿಡಿ. ಟೇಲ್‌ಕೋಟೇ ಬೇಕು ಅಂದರೆ ಹೊಲಿಸಿ, ಕಾಲರ್ ಮಾತ್ರ ಮೆತ್ತಗಿರಲಿ ಎಂದು ದರ್ಜಿಗೆ ಹೇಳಿ.