ಮೂವರ ಪಾಸ್ ಒಂದೇ ಫೋನಿನಲ್ಲಿ?

ಪ್ರಶ್ನೆ: ಅಪ್ಪ-ಅಮ್ಮನ ಜೊತೆ ಬೆಂಗಳೂರಿನಿಂದ ದೆಹಲಿಗೆ ಹೊರಟಿದ್ದೇನೆ. ಮೂವರ ಬೋರ್ಡಿಂಗ್ ಪಾಸೂ ನನ್ನ ಮೊಬೈಲಿನಲ್ಲೇ ಇದ್ದರೆ ಸಾಕೇ?
– ಓದುಗ, ದಾವಣಗೆರೆ

ಉತ್ತರ: ಸಾಕು, ಆದರೆ ಅಮ್ಮನಿಗೆ ತೊಂದರೆ. ಭದ್ರತಾ ತಪಾಸಣೆಯಲ್ಲಿ ಹೆಂಗಸರ ಸಾಲು ಬೇರೆ. ಅಷ್ಟರಲ್ಲಿ ನಿಮ್ಮ ಫೋನ್ ಟ್ರೇಯಲ್ಲಿ ಎಕ್ಸ್‌ರೇ ಯಂತ್ರದೊಳಗೆ ಹೋಗಿರುತ್ತದೆ. ಅಮ್ಮನ ಪಾಸನ್ನು ದಾವಣಗೆರೆಯಲ್ಲೇ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಕೈಗೆ ಕೊಡಿ. ಬಸ್ ಹತ್ತುವ ಮೊದಲೇ ಆರು ಅಕ್ಷರ-ಅಂಕಿಗಳ ಪಿಎನ್ಆರ್ (ಟಿಕೆಟ್ ಬುಕಿಂಗ್ ಸಂಕೇತ) ಹಾಕಿ ವೆಬ್ ಚೆಕ್-ಇನ್ ಮುಗಿಸಿ, ಪಾಸಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆಗ ನೆಟ್‌ವರ್ಕ್ ಕೈಕೊಟ್ಟರೂ ಚಿಂತೆಯಿಲ್ಲ. ಬಾರ್‌ಕೋಡ್ ಸುತ್ತಲಿನ ಬಿಳಿ ಅಂಚು ಕತ್ತರಿಸಬೇಡಿ, ಸ್ಕ್ಯಾನರ್ ಓದದೇ ಹೋಗಬಹುದು. ತೋರಿಸುವಾಗ ಬ್ರೈಟ್‌ನೆಸ್ ಪೂರ್ತಿ ಏರಿಸಿ. ಆ ಚಿತ್ರವನ್ನು ವಾಟ್ಸ್ಆಪ್ ಸ್ಟೇಟಸ್‌ಗೆ ಮಾತ್ರ ಹಾಕಲೇಬೇಡಿ: ಹೆಸರು, ಪಿಎನ್ಆರ್ ಎರಡೂ ಅದರಲ್ಲಿರುತ್ತವೆ. ಮೂವರ ಗುರುತಿನ ಚೀಟಿಯೂ ಜೊತೆಗಿರಲಿ.