ಹನ್ನೊಂದು ಜನ, ಒಂದು ಬೆಟ್ಟ, ಸಂಜೆ ಆರರ ಊಟ

ಪ್ರಶ್ನೆ: ನಾವು ಅಟ್ಲಾಂಟಾದ ಮೂರು ಕನ್ನಡ ಕುಟುಂಬಗಳು, ಒಟ್ಟು 11 ಜನ. ಟೆನೆಸ್ಸಿಯ ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲಿರುವ ಲೆಕಾಂಟ್ ಲಾಡ್ಜ್‌ನಲ್ಲಿ ಅಕ್ಟೋಬರ್ ಮಧ್ಯದ ಒಂದು ರಾತ್ರಿಗೆ ಹೇಗೋ ಬುಕಿಂಗ್ ಸಿಕ್ಕಿದೆ. ನಾನು, ನಮ್ಮ ಯಜಮಾನರು ಬಿಟ್ಟರೆ ಯಾರೂ ಬೆಟ್ಟ ಹತ್ತಿದವರಲ್ಲ. 9 ಮತ್ತು 12 ವರ್ಷದ ಮಕ್ಕಳಿದ್ದಾರೆ. ಊರಿಂದ ಬಂದಿರುವ ಮಾವನವರಿಗೆ 63. ದಿನಾ ವಾಕಿಂಗ್ ಮಾಡುತ್ತಾರೆ, ಬಿಪಿ ಮಾತ್ರೆ ತಗೊಳ್ತಾರೆ. ಎಲ್ಲರೂ ಸಸ್ಯಾಹಾರಿಗಳು. ಯಾವ ದಾರಿ ಹಿಡಿಯಬೇಕು, ಏನು ಹೊತ್ತುಕೊಂಡು ಹೋಗಬೇಕು? ಧೈರ್ಯ ಸಾಲುತ್ತಿಲ್ಲ.

ಉತ್ತರ: ಹೋಗಿ. ಆದರೆ ಮಾವನವರ ವಿಷಯ ಈಗಲೇ ತೀರ್ಮಾನ ಮಾಡಬೇಡಿ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಮಾತು. ಆ ಲಾಡ್ಜ್‌ಗೆ ರಸ್ತೆಯೇ ಇಲ್ಲ. ಸಾಮಾನು ಕೂಡ ಲಾಮಾ ಎಂಬ ಒಂಟೆ ಜಾತಿಯ ಪ್ರಾಣಿಗಳ ಬೆನ್ನ ಮೇಲೆ ಹೋಗುತ್ತದೆ, ವಾರಕ್ಕೆ ಮೂರು ಸಲ. ಕರೆಂಟ್ ಇಲ್ಲ, ಸ್ನಾನದ ವ್ಯವಸ್ಥೆ ಇಲ್ಲ, ಕೋಣೆಯಲ್ಲಿ ಸೀಮೆಎಣ್ಣೆ ದೀಪ. ಇದನ್ನು ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಇವತ್ತೇ ಹಾಕಿ. 'ಲಾಡ್ಜ್' ಅಂದ ಕೂಡಲೇ ಬಿಸಿನೀರು, ಟವೆಲ್ಲು ಅಂದುಕೊಳ್ಳುವವರು ಒಬ್ಬರಾದರೂ ಇದ್ದೇ ಇರುತ್ತಾರೆ.

ಮೇಲೆ ಹೋಗಲು ಐದು ದಾರಿಗಳಿವೆ. ನಿಮ್ಮಂಥ ಗುಂಪಿಗೆ ಆಲಮ್ ಕೇವ್ ದಾರಿಯೇ ಸರಿ. ಲಾಡ್ಜ್‌ವರೆಗೆ ಸುಮಾರು 5 ಮೈಲಿ, ಇರುವುದರಲ್ಲಿ ಇದೇ ಚಿಕ್ಕದು. ಚಿಕ್ಕದು ಅಂದರೆ ಸುಲಭ ಅಂತ ಅಲ್ಲ. ಏರಿಕೆ ಸುಮಾರು 2,700 ಅಡಿ. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಹತ್ತಿರ ಹತ್ತಿರ ಮೂರು ಸಲ ಹತ್ತಿದ ಹಾಗೆ, ನಡುವೆ ಇಳಿಯದೆ. ಮೊದಲ ಒಂದೂಕಾಲು ಮೈಲಿ ಹೊಳೆಯ ಪಕ್ಕ ಆರಾಮಾಗಿ ಸಾಗುತ್ತದೆ. ಆಮೇಲೆ ಆರ್ಚ್ ರಾಕ್ ಎಂಬ ಬಂಡೆಯ ಸಂದಿನೊಳಗೆ ಕಡಿದ ಮೆಟ್ಟಿಲು ಹತ್ತಬೇಕು, ಪಕ್ಕದಲ್ಲಿ ಹಿಡಿಯಲು ಉಕ್ಕಿನ ಕೇಬಲ್. ಮಕ್ಕಳಿಗೆ ಅಲ್ಲಿ ಎಲ್ಲಿಲ್ಲದ ಖುಷಿ. 2.3 ಮೈಲಿಗೆ ಆಲಮ್ ಕೇವ್. ಹೆಸರಿಗೆ ಗುಹೆ, ನಿಜಕ್ಕೂ ಮುಂದಕ್ಕೆ ಚಾಚಿದ ದೊಡ್ಡ ಬಂಡೆಯ ಸೂರು. ಹೊರಗೆ ಮಳೆ ಸುರಿಯುತ್ತಿದ್ದರೂ ಕೆಳಗೆ ಒಣ ಧೂಳು. ಅಲ್ಲಿ ಕೂತು ಊಟ ಮಾಡಿ.

ಅಲ್ಲಿಂದ ಮುಂದೆ ಕಿರಿದಾದ ಬಂಡೆ ಅಂಚುಗಳು ಬರುತ್ತವೆ. ಕೇಬಲ್ ಇದೆ, ಹಿಡಿದುಕೊಂಡು ಸಾಲಾಗಿ ಹೋಗಿ. ಒಂಬತ್ತು ವರ್ಷದವರ ಹಿಂದೆ ಒಬ್ಬರು ದೊಡ್ಡವರು ಇರಲೇಬೇಕು. ಫೋಟೋಗೆ ನಿಲ್ಲುವ ಜಾಗ ಅದಲ್ಲ.

ಈಗ ಸಮಯ. ಲಾಡ್ಜ್‌ನಲ್ಲಿ ಸಂಜೆ 6ಕ್ಕೆ ಊಟದ ಗಂಟೆ. ನಡೆದು ಅಭ್ಯಾಸ ಇರುವವರು ಮೂರು ತಾಸಿನಲ್ಲಿ ಮುಟ್ಟುತ್ತಾರೆ. ನಿಮಗೆ ಐದು ಇಟ್ಟುಕೊಳ್ಳಿ. ಹಾಗಾಗಿ 10ಕ್ಕೆ ಹೊರಡಿ. ಅಕ್ಟೋಬರ್‌ನಲ್ಲಿ ಎಲೆ ಬಣ್ಣ ನೋಡುವವರ ಜಾತ್ರೆ, ಪಾರ್ಕಿಂಗ್ ಬೆಳಗ್ಗೆಯೇ ತುಂಬಿರುತ್ತದೆ. ಅದೇ ದಿನ ಅಟ್ಲಾಂಟಾದಿಂದ ನಾಲ್ಕು ತಾಸು ಓಡಿಸಿಕೊಂಡು ಬಂದು ಬೆಟ್ಟ ಹತ್ತುವ ಯೋಚನೆ ಬಿಡಿ. ಹಿಂದಿನ ರಾತ್ರಿ ಚೆರೊಕೀಯಲ್ಲೋ ಗ್ಯಾಟ್ಲಿನ್‌ಬರ್ಗ್‌ನಲ್ಲೋ ಮಲಗಿ. ಈ ಬೆಟ್ಟಗಳೆಲ್ಲ ಸೇರಿದ ನ್ಯಾಷನಲ್ ಪಾರ್ಕಿಗೆ ಪ್ರವೇಶ ಶುಲ್ಕ ಇಲ್ಲ, ಆದರೆ ಕಾರು ನಿಲ್ಲಿಸಲು 2023ರಿಂದ ದುಡ್ಡು ಕೊಟ್ಟು ತಗೊಳ್ಳುವ ಪಾರ್ಕಿಂಗ್ ಟ್ಯಾಗ್ ಕಡ್ಡಾಯ. ಪ್ರತಿ ಕಾರಿಗೂ ಬೇಕು.

ಹೊಸಬರ ಗುಂಪು ಕೆಡುವುದು ಕಾಲಿನಿಂದಲ್ಲ, ಚದುರಿ ಹೋಗುವುದರಿಂದ. ನಾನೇ ಒಮ್ಮೆ ಈ ತಪ್ಪು ಮಾಡಿದ್ದೇನೆ. ಹುಡುಗರು ಮುಂದೆ ಓಡಿದರು, ತಿಂಡಿ ಪೂರ್ತಿ ಅವರ ಬ್ಯಾಗಿನಲ್ಲಿತ್ತು. ಹಿಂದೆ ಉಳಿದವರು ನಾಲ್ಕು ಜನ. ಹೊಸ ಶೂ ಹಾಕಿದ್ದ ಒಬ್ಬರಿಗೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು, ನಮ್ಮಲ್ಲಿದ್ದದ್ದು ಅರ್ಧ ಪ್ಯಾಕ್ ಚಕ್ಕುಲಿ. ಅಂದಿನಿಂದ ನನ್ನ ಪದ್ಧತಿ ಒಂದೇ: ಎಲ್ಲರಿಗಿಂತ ನಿಧಾನದವರು ಮುಂದೆ, ದಾರಿ ಗೊತ್ತಿರುವ ಒಬ್ಬರು ಕಟ್ಟಕಡೆಗೆ. ನೀವು ಕೊನೆಯಲ್ಲಿರಿ, ನಿಮ್ಮ ಯಜಮಾನರು ಮುಂದಿನವರ ಜೊತೆ. ಓಡುವವರನ್ನು ತಡೆಯಲು ಆಗುವುದಿಲ್ಲ ಅನ್ನಿ, ಆಗ ಆರ್ಚ್ ರಾಕ್, ಆಲಮ್ ಕೇವ್ ಎರಡೂ ಕಡೆ ಎಲ್ಲರೂ ಸೇರುವವರೆಗೆ ಯಾರೂ ಮುಂದೆ ಹೋಗಬಾರದು ಎಂದು ಮೊದಲೇ ಮಾತಾಡಿಕೊಳ್ಳಿ. ಫೋನ್ ಸಿಗ್ನಲ್ ನೆಚ್ಚಿಕೊಳ್ಳಬೇಡಿ. ನೀರು, ತಿಂಡಿ, ಹೆಡ್‌ಲ್ಯಾಂಪು, ಮಳೆ ಜಾಕೆಟ್ ಪ್ರತಿಯೊಬ್ಬರ ಬ್ಯಾಗಿನಲ್ಲೂ ಇರಲಿ, ಮಕ್ಕಳದೂ ಸೇರಿ.

ಬಟ್ಟೆ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಜೀನ್ಸ್ ಬೇಡ, ಕಾಟನ್ ಟೀ ಶರ್ಟ್ ಬೇಡ. ಊರಿನ ಸೆಕೆಗೆ ಹತ್ತಿ ಚೆಂದ, ಇಲ್ಲಿ ಬೆವರಿಗೋ ಮಳೆಗೋ ನೆನೆದರೆ ಒಣಗುವುದೇ ಇಲ್ಲ. ಲೆಕಾಂಟ್ ಬೆಟ್ಟ 6,593 ಅಡಿ ಎತ್ತರ. ಕೆಳಗೆ ಗ್ಯಾಟ್ಲಿನ್‌ಬರ್ಗ್‌ನಲ್ಲಿ ಟೀ ಶರ್ಟ್ ಹವೆ ಇದ್ದರೂ ಅಕ್ಟೋಬರ್ ಬೆಳಗ್ಗೆ ಮೇಲೆ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳಬಹುದು. ಸ್ವೆಟರ್, ಟೊಪ್ಪಿ, ಒಣ ಕಾಲುಚೀಲ ಒಂದು ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ. ಹಾಸಿಗೆ, ಉಣ್ಣೆ ಕಂಬಳಿ ಲಾಡ್ಜ್‌ನವರೇ ಕೊಡುತ್ತಾರೆ, ಸ್ಲೀಪಿಂಗ್ ಬ್ಯಾಗ್ ಹೊರಬೇಕಿಲ್ಲ. ಊಟ, ತಿಂಡಿಯೂ ಅವರದೇ. ಸಸ್ಯಾಹಾರ ಬೇಕೆಂದು ಈಗಲೇ ತಿಳಿಸಿ, ಅಲ್ಲಿ ಹೋಗಿ ಕೇಳಿದರೆ ಪ್ರಯೋಜನವಿಲ್ಲ. ಚಟ್ನಿಪುಡಿ ಖಂಡಿತ ಒಯ್ಯಿರಿ. ಆದರೆ ಅದು ಕರಡಿಗಳ ಕಾಡು, ವಾಸನೆಯ ಡಬ್ಬಿ ಎಲ್ಲೆಂದರಲ್ಲಿ ಬಿಟ್ಟು ತಿರುಗಬೇಡಿ. ಕರಡಿ ಕಂಡರೆ ಕನಿಷ್ಠ 50 ಗಜ ದೂರ ಇರಬೇಕು, ಅದು ಪಾರ್ಕಿನ ನಿಯಮ.

ಇನ್ನು ಮಾವನವರು. ಬಯಲಲ್ಲಿ ದಿನಾ ಐದು ಕಿಲೋಮೀಟರ್ ನಡೆಯುವವರಿಗೂ ಏರು ಬೇರೆಯೇ. ನಿಮ್ಮ ಹತ್ತಿರವೇ ಸ್ಟೋನ್ ಮೌಂಟನ್ ಇದೆ ಅಲ್ವಾ? ಅದರ ನಡೆದು ಹತ್ತುವ ದಾರಿ ಒಂದು ಮೈಲಿ, ಏರಿಕೆ ಸುಮಾರು 800 ಅಡಿ. ಒಂದು ಭಾನುವಾರ ಎಲ್ಲರನ್ನೂ ಕರೆದುಕೊಂಡು ಹೋಗಿ, ಅದೇ ಶೂ, ಅದೇ ಬ್ಯಾಗು, ಸತತ ಎರಡು ಸಲ ಹತ್ತಿಸಿ. ಹತ್ತುವಾಗ ಮಾವನವರು ಮಾತಾಡುತ್ತಾ ಹೋದರೆ, ಮಾರನೇ ದಿನ ಮಂಡಿ ಹಿಡಿಯದಿದ್ದರೆ, ಡಾಕ್ಟರು ಸರಿ ಅಂದರೆ ಕರೆದೊಯ್ಯಿರಿ. ಮಾತು ನಿಂತು ಬರೀ ಉಸಿರು ಕೇಳಿದರೆ ಬೇಡ. ಆಗ ಅವರು ಆಲಮ್ ಕೇವ್‌ವರೆಗೆ ಬಂದು, ಒಬ್ಬರ ಜೊತೆ ವಾಪಸ್ ಇಳಿಯಲಿ. ಜೊತೆಗೆ ಇಳಿಯುವವರು ಯಾರು ಅನ್ನುವುದು ಮನೆಯಲ್ಲೇ ತೀರ್ಮಾನವಾಗಿರಬೇಕು. ದಾರಿಯಲ್ಲಿ ಆ ಮಾತು ತೆಗೆದರೆ ಯಾರಿಗೂ ಮನಸ್ಸಾಗುವುದಿಲ್ಲ, ಅವರಂತೂ 'ನಾನು ಬರ್ತೀನಿ ಬಿಡಿ' ಅಂದೇ ಅನ್ನುತ್ತಾರೆ.

ಮಾರನೇ ದಿನದ ಇಳಿಜಾರಿಗೆ ದೊಡ್ಡವರಿಗೆಲ್ಲ ಊರುಗೋಲು ಕೊಡಿ, ಮಂಡಿಗೆ ನಿಜವಾದ ಪರೀಕ್ಷೆ ಆಗಲೇ. ಮತ್ತೆ ಬಿಪಿ ಮಾತ್ರೆ ಮಾವನವರ ಜೇಬಿನಲ್ಲೇ ಇರಲಿ, ಮಗನ ಬ್ಯಾಗಿನಲ್ಲಿ ಬೇಡ. ಮಗ ಎಷ್ಟು ಹೇಳಿದರೂ ಮುಂದಿನ ತಿರುವಿನಲ್ಲಿರುತ್ತಾರೆ.